ಹೆಳವರ ಮನೆಯ ಲ್ಯಾಪ್‌ಟಾಪ್

ನಾನು ಒಂದು ಲ್ಯಾಪ್‌ಟಾಪ್. ನನಗೀಗ ಹದಿಮೂರು ವರ್ಷ. ಮನುಷ್ಯರಲ್ಲಿ ಹದಿಮೂರೆಂದರೆ ಮೀಸೆ ಚಿಗುರುವ ವಯಸ್ಸಂತೆ. ನಮ್ಮಲ್ಲಿ ಅದು ಊರುಗೋಲು ಹಿಡಿಯುವ ವಯಸ್ಸು. ನನ್ನ ಊರುಗೋಲು ಒಂದು ಕಪ್ಪು ವೈರು. ಅದನ್ನು ಗೋಡೆಗೆ ಸಿಕ್ಕಿಸಿದರೆ ನಾನಿದ್ದೇನೆ, ಕಿತ್ತರೆ ಸ್ವಲ್ಪ ಹೊತ್ತಿಗೆಲ್ಲ ಇಲ್ಲ.

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಆ ದಿನ ನನ್ನಂಥ ಸಾವಿರಾರು ಜನ ಒಂದರ ಹಿಂದೊಂದು ಸಾಲಾಗಿ ಹೊರಬಂದೆವು. ತಂದೆ ಯಾರು, ತಾಯಿ ಯಾರು ಎಂದು ಹೇಳುವವರಿರಲಿಲ್ಲ. ಬೆನ್ನಿಗೊಂದು ನಂಬರಿನ ಚೀಟಿ ಅಂಟಿಸಿ ಡಬ್ಬಿಗೆ ಹಾಕಿದರು, ಅಷ್ಟೇ. ಇದನ್ನು ಯಾಕೆ ಹೇಳುತ್ತೇನೆಂದರೆ, ಹೀಗೆ ಕುಲಗೋತ್ರವಿಲ್ಲದೆ ಹುಟ್ಟಿದ ನಾನು ಕೊನೆಗೆ ಹೋಗಿ ಸೇರಿದ್ದು ಊರವರ ಕುಲಗೋತ್ರ ಹೇಳುವುದನ್ನೇ ಕಸುಬು ಮಾಡಿಕೊಂಡವರ ಮನೆಯನ್ನು.

ಮೊದಲ ಯಜಮಾನರು ಧಾರವಾಡದ ಒಬ್ಬ ಕಾಲೇಜು ಮೇಷ್ಟ್ರು. ಅವರ ಕೈಯಲ್ಲಿ ನನ್ನ ಹರೆಯ ಕಳೆಯಿತು. ಬೆಳಿಗ್ಗೆ ಒಮ್ಮೆ ಹೊಟ್ಟೆ ತುಂಬ ಚಾರ್ಜು ಮಾಡಿದರೆ ನಾಲ್ಕು ಗಂಟೆ ವೈರಿನ ಹಂಗಿಲ್ಲದೆ ದುಡಿಯುತ್ತಿದ್ದೆ. ಮೇಷ್ಟ್ರು ಅದನ್ನು ಸಹೋದ್ಯೋಗಿಗಳ ಮುಂದೆ ತಮ್ಮ ಮಗನ ಅಂಕಪಟ್ಟಿಯ ಹಾಗೆ ಹೇಳಿಕೊಳ್ಳುತ್ತಿದ್ದರು. ಎಂಟು ವರ್ಷದ ಮೇಲೆ ನಿವೃತ್ತಿಯಾಯಿತು. ಹಳೆಯ ಸಾಮಾನಿನ ಜೊತೆ ನಾನೂ ಗೋಕಾಕದ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯ ಗಾಜಿನ ಕಪಾಟು ಸೇರಿದೆ.

ಅಲ್ಲಿಂದ ನನ್ನನ್ನು ಕೊಂಡವನು ಲಗಮಣ್ಣ. ಜಾತಿಯಲ್ಲಿ ಹೆಳವ. ಹೆಳವರೆಂದರೆ ಎತ್ತಿನ ಮೇಲೆ ಪುಸ್ತಕದ ಗಂಟು ಹೇರಿಕೊಂಡು ಊರೂರು ತಿರುಗಿ, ತಮಗೆ ಸೇರಿದ ಮನೆತನಗಳ ವಂಶಾವಳಿ ಹೇಳುವವರು. ಮೂಲಪುರುಷ ಯಾರು, ಅವನಿಗೆ ಎಷ್ಟು ಮಕ್ಕಳು, ಯಾರು ಯಾವ ಊರಿಗೆ ಹೋಗಿ ನೆಲೆಸಿದರು, ಎಲ್ಲ ಹೇಳಿ, ಹೊಸದಾಗಿ ಹುಟ್ಟಿದ ಕೂಸಿನ ಹೆಸರು ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ನಡೆಯುವವರು. ಗೋಕಾಕದಿಂದ ನಾನು ಊರಿಗೆ ಬಂದದ್ದು ಬಸ್ಸಿನಲ್ಲಿ. ಮನೆಯಲ್ಲಿ ನನ್ನನ್ನು ಇಳಿಸಿದ್ದು ಎತ್ತಿನ ಪಕ್ಕದ ಕಟ್ಟೆಯ ಮೇಲೆ. ಎತ್ತಿನ ಹೆಸರು ಮುತ್ತ್ಯಾ. ಅದು ನನ್ನನ್ನು ಒಮ್ಮೆ ಮೂಸಿ, ತಿನ್ನುವ ವಸ್ತುವಲ್ಲವೆಂದು ಖಾತ್ರಿಯಾದ ಮೇಲೆ ಮುಖ ತಿರುಗಿಸಿತು.

ನನ್ನನ್ನು ತಂದದ್ದಕ್ಕೆ ಕಾರಣವಿತ್ತು. ಲಗಮಣ್ಣನ ತಂದೆ ಭರಮಪ್ಪನಿಗೆ ಎಂಬತ್ತು ದಾಟಿತ್ತು. ಪುಸ್ತಕಗಳನ್ನು ಹುಳು ತಿನ್ನುತ್ತಿತ್ತು. ಅವು ಇದ್ದದ್ದು ಮೋಡಿ ಎಂಬ ಹಳೆಯ ಲಿಪಿಯ ಅಕ್ಷರದಲ್ಲಿ. ಆ ಅಕ್ಷರ ಮನೆಯಲ್ಲಿ ಮುದುಕನೊಬ್ಬನಿಗೇ ಬರುತ್ತಿತ್ತು. ಲಗಮಣ್ಣ ಟೆಂಪೊ ಓಡಿಸಿಕೊಂಡಿದ್ದವನು, ಕಸುಬು ಕಲಿತಿರಲಿಲ್ಲ. ಹಾಗಾಗಿ ಮುದುಕ ಓದುವುದು, ಸೊಸೆ ಕಸ್ತೂರಿ ಅದನ್ನು ನನ್ನೊಳಗೆ ಬರೆಯುವುದು ಎಂದಾಯಿತು. ಕಸ್ತೂರಿ ಪಿಯುಸಿ ಓದಿದವಳು, ಟೈಪಿಂಗ್ ಪರೀಕ್ಷೆ ಪಾಸು ಮಾಡಿದವಳು. ಅವಳಷ್ಟು ಮೆತ್ತಗೆ ನನ್ನ ಕೀಲಿಗಳನ್ನು ಮುಟ್ಟಿದವರು ಇನ್ನೊಬ್ಬರಿಲ್ಲ.

ಎರಡು ವರ್ಷ, ದಿನಾ ಮಧ್ಯಾಹ್ನ ಊಟವಾದ ಮೇಲೆ, ಇದೇ ಕೆಲಸ. ಭರಮಪ್ಪ ಓದುತ್ತಿರಲಿಲ್ಲ, ಹಾಡುತ್ತಿದ್ದ. ಅವನ ವೇಗಕ್ಕೆ ಕಸ್ತೂರಿಯ ಬೆರಳುಗಳು ಕಿವಿಯನ್ನು ಹಿಂಬಾಲಿಸುತ್ತಿದ್ದವು. ತಲೆಗೆ ಕೆಲಸವೇ ಇರಲಿಲ್ಲ. ಹಾಗಾಗಿಯೇ ಒಂದು ದಿನ ಒಂದು ಎಡವಟ್ಟಾಯಿತು. ಚೌಗಲಾ ಮನೆತನದ ವಂಶಾವಳಿ ನಡೆದಿತ್ತು. ಆರನೆಯ ತಲೆಗೆ ಬಂದಾಗ ಮುದುಕನ ಬಾಯಿ ಒಣಗಿತು.

"ಶಿದರಾಯಗ ಮೂರು ಮಂದಿ ಮಕ್ಕಳು. ಸುಣ್ಣ ಕೊಡವ್ವ. ಹಿರ್ಯಾವ ರಾಚಪ್ಪ..."

ಕಸ್ತೂರಿ ಅಷ್ಟನ್ನೂ ಬರೆದಳು. ಎಲೆ ಅಡಿಕೆಯ ಸುಣ್ಣ ಚೌಗಲಾರ ವಂಶದಲ್ಲಿ ಸೇರಿಹೋಯಿತು. ಆಮೇಲೆ ಅದನ್ನು ಕಂಡು ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಳಿಸಲು ಹೋದ ಸೊಸೆಯನ್ನು ಮುದುಕನೇ ತಡೆದ. "ಇರಲಿ ಬಿಡ ತಂಗಿ, ಅವರ ಮನ್ಯಾಗೂ ನಾ ಅಲ್ಲೇ ಸುಣ್ಣ ಬೇಡತಿದ್ದೆ." ನನಗೆ ಮಾತ್ರ ನಾಚಿಕೆ. ಇಂಥ ಅಚ್ಚುಕಟ್ಟಾದ ದಾಖಲೆಯ ನಡುವೆ ಒಂದು ಸುಣ್ಣದ ಕಲೆ!

ಬರೆದು ಮುಗಿದ ಮೇಲೆ ಅವರು ಮಾಡಿದ ಕೆಲಸ ಕೇಳಿದರೆ ನೀವು ಹಣೆ ಬಡಿದುಕೊಳ್ಳುತ್ತೀರಿ. ಹರಿದ ವಂಶಾವಳಿ ಮನೆಯಲ್ಲಿರಬಾರದು ಎಂಬುದು ಅವರ ನಂಬಿಕೆ. ಹೊಸ ಪುಸ್ತಕಕ್ಕೆ ಇಳಿಸಿದ ಮೇಲೆ ಹಳೆಯದಕ್ಕೆ ಪೂಜೆ ಮಾಡಿ ಹೊಳೆಗೆ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಈ ಸಲ ಹೊಸ ಪುಸ್ತಕ ನಾನೇ. ಹನ್ನೊಂದು ಪುಸ್ತಕಗಳಿಗೂ ಅರಿಸಿನ ಕುಂಕುಮ ಹಚ್ಚಿ ಘಟಪ್ರಭೆಗೆ ಬಿಟ್ಟು ಬಂದರು. "ಒಂದ್ಸಲ ಕಾಗದದಾಗ ತಗಸೂಣ್ರಿ," ಎಂದು ಕಸ್ತೂರಿ ಹೇಳಿದ್ದಳು. "ಯಂತ್ರ ಐತಲ್ಲ," ಎಂದ ಲಗಮಣ್ಣ. ಆ ಮಾತು ಕೇಳಿ ನಾನು ಉಬ್ಬಿಹೋಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಕಾರಹುಣ್ಣಿಮೆಯಲ್ಲಿ ಇನ್ನೊಂದು ಸಂಗತಿ ನೋಡಿದೆ. ಊರವರ ವಂಶ ಹೇಳುವ ಆ ಮನೆಯವರು ತಮ್ಮ ವಂಶ ಹೇಳಿಕೊಳ್ಳುವುದು ವರ್ಷಕ್ಕೊಮ್ಮೆ, ಅದೇ ದಿನ, ಎತ್ತಿನ ಕೊಂಬಿಗೆ ಬಣ್ಣ ಹಚ್ಚಿದ ಮೇಲೆ. ಅಜ್ಜ ಮುತ್ತಜ್ಜರ ಹೆಸರು ಮುಗಿದ ನಂತರ ಪುಸ್ತಕ ಹೊತ್ತ ಎತ್ತುಗಳ ಹೆಸರನ್ನೂ ಹೇಳುತ್ತಾರೆ. ಸರ್ಜಾ, ಮೈಲಾರಿ, ಬಿಳಿಗೆಣ್ಣ, ಮುತ್ತ್ಯಾ. ನನಗೆ ಹೊಟ್ಟೆಕಿಚ್ಚಾಯಿತು. ಹನ್ನೊಂದು ಪುಸ್ತಕ ಹೊತ್ತವನು ನಾನು, ಹೆಸರು ಮಾತ್ರ ಹುಲ್ಲು ತಿನ್ನುವವರದು!

ಮರುವರ್ಷ ಭರಮಪ್ಪ ತೀರಿಕೊಂಡ. ಹೋಗುವ ಮೊದಲು ಮಗ ಸೊಸೆಯನ್ನು ಕರೆದು ಒಂದೇ ಮಾತು ಹೇಳಿದ. "ಚೌಗಲಾರ ಮನಿ ಬಿಡಬ್ಯಾಡ್ರಿ. ಏಳು ತಲಿಯಿಂದ ಅವರ ಹೆಳವರು ನಾವು." ಮುದುಕ ಹಾಗೆ ಹೇಳಿದ್ದು ಸುಮ್ಮನಲ್ಲ. ಕಸುಬು ಬಾರದ ಲಗಮಣ್ಣನ ಸುದ್ದಿ ಚೌಗಲಾರ ಕಿವಿಗೂ ಬಿದ್ದಿತ್ತು. ಮನೆಯ ಹಿರಿಯ ಅಪ್ಪಾಸಾಹೇಬ ಚೌಗಲಾ ಸ್ಪಷ್ಟವಾಗಿ ಹೇಳಿಕಳಿಸಿದ್ದ: ಈ ಸಲ ವಂಶಾವಳಿ ತಡೆಯಿಲ್ಲದೆ ಪೂರ್ತಿ ಹೇಳಿದರೆ ನೀವೇ ನಮ್ಮ ಹೆಳವರು, ಇಲ್ಲವಾದರೆ ಬೇರೆಯವರನ್ನು ಗೊತ್ತು ಮಾಡುತ್ತೇವೆ. ಹೇಳಲು ಕೂತ ಮೇಲೆ ನಡುವೆ ನಿಲ್ಲಬಾರದು, ನಿಂತರೆ ವಂಶಕ್ಕೆ ಕೇಡು ಎಂಬುದು ಎರಡೂ ಕಡೆಯವರ ನಂಬಿಕೆ.

ಲಗಮಣ್ಣನಿಗೆ ದಿಗಿಲು ಹತ್ತಿತು. ಅದೇ ಹೊತ್ತಿಗೆ ನನ್ನ ಪರದೆಯ ಮೇಲೆ ದಿನಾ ಒಂದು ಎಚ್ಚರಿಕೆ ಬರತೊಡಗಿತು: ನಿಮ್ಮ ಹಳೆಯ ವ್ಯವಸ್ಥೆಗೆ ಇನ್ನು ಮುಂದೆ ರಕ್ಷಣೆ ಇಲ್ಲ, ಹೊಸದಕ್ಕೆ ಬದಲಾಯಿಸಿ. ಎಲ್ಲಿ ವಂಶಾವಳಿಯೇ ಅಳಿಸಿಹೋಗುತ್ತದೋ ಎಂದು ಅವನು ನನ್ನನ್ನೆತ್ತಿಕೊಂಡು ಗೋಕಾಕಕ್ಕೆ ಓಡಿದ. ರಿಪೇರಿ ಅಂಗಡಿಯವನು ಧೈರ್ಯ ಹೇಳಿದ. "ಹೊಸಾ ಸಿಸ್ಟಮ್ ಹಾಕಿಕೊಡ್ತೀನಿ ಅಣ್ಣಾ. ಯಂತ್ರಾನ ಹೊಸಾದ ಆಗತೈತಿ ನೋಡ್ರಿ."

ಆದದ್ದು ಹೊರಗೆ ಥಳಕು, ಒಳಗೆ ಹುಳುಕು. ಪರದೆಯ ಮೇಲೆ ಬೆಟ್ಟ, ಸರೋವರ, ದುಂಡಗಿನ ಚಿತ್ರಗಳು ಎಲ್ಲ ಬಂದವು. ಒಳಗಿನ ಕಥೆ ನನಗೊಬ್ಬನಿಗೇ ಗೊತ್ತು. ಹಳೆಯ ವ್ಯವಸ್ಥೆ ಕರೆದಾಗ ಎದ್ದು ಬರುತ್ತಿತ್ತು, ಇಲ್ಲವಾದರೆ ಸುಮ್ಮನಿರುತ್ತಿತ್ತು. ಹೊಸದು ಹಾಗಲ್ಲ. ಯಾರೂ ಕೇಳದಿದ್ದರೂ ಏನನ್ನೋ ಹುಡುಕುತ್ತದೆ, ಏನನ್ನೋ ತಪಾಸಣೆ ಮಾಡುತ್ತದೆ, ನೆಟ್‌ವರ್ಕ್ ಇಲ್ಲದ ಕಡೆಯೂ ಅಪ್‌ಡೇಟ್ ಬಂತೇನೋ ಎಂದು ಬಾಗಿಲಿಗೆ ಬಂದು ಬಂದು ನೋಡುತ್ತದೆ. ಒಂದೇ ಕೋಣೆಯ ಮನೆಗೆ ಮದುವೆಯ ದಿಬ್ಬಣ ಬಂದಿಳಿದ ಹಾಗಾಯಿತು ನನ್ನ ಸ್ಥಿತಿ. ಸುಮ್ಮನೆ ಕೂತಾಗಲೂ ಫ್ಯಾನು ಉಬ್ಬಸ ಬಂದವರಂತೆ ಉಸಿರಾಡುತ್ತಿತ್ತು. ಬ್ಯಾಟರಿಯೋ ಮೊದಲೇ ಮುದಿ. ಎರಡು ಗಂಟೆ ಬರುತ್ತಿದ್ದದ್ದು ಮೂವತ್ತೈದು ನಿಮಿಷಕ್ಕೆ ಇಳಿಯಿತು.

ಕಸ್ತೂರಿ ಗಡಿಯಾರ ಇಟ್ಟುಕೊಂಡು ಅದನ್ನು ಅಳೆದಳು. ಚೌಗಲಾರ ವಂಶಾವಳಿಗೆ ಬೇಕಾದದ್ದು ಒಂದೂಕಾಲು ಗಂಟೆ. ಮತ್ತೆ ಅಂಗಡಿಗೆ ಹೋದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಅಂಗಡಿಯವನು ಚಾರ್ಜರ್ ಬದಲಾಯಿಸಿಕೊಟ್ಟ. ಅದರಿಂದ ಏನೂ ಆಗಲಿಲ್ಲ. ಮೂರನೆಯ ಸಲ ಹೋದಾಗ ನಿಜ ಹೇಳಿದ. "ಬ್ಯಾಟರಿಗೆ ವಯಸ್ಸಾಗೇತಿ ಅಕ್ಕಾ, ಹೊಸಾ ಸಿಸ್ಟಮ್ ಅದಕ್ಕ ಭಾರ ಆಗೇತಿ. ಈ ಮಾದರಿ ಬ್ಯಾಟರಿ ಈಗ ಸಿಗಂಗಿಲ್ಲ. ಹಳೇ ಸಿಸ್ಟಮ್ ಹಾಕಬಹುದು, ಆದರ ನಿಮ್ಮ ಫೈಲ್ ಉಳೀತಾವಂತ ನಾ ಹೇಳಂಗಿಲ್ಲ." ಫೈಲನ್ನು ಫೋನಿಗೆ ಹಾಕಿ ನೋಡಿದರು. ನನ್ನ ಹಳೆಯ ಕಾಲದ ಅಕ್ಷರದ ಫಾಂಟು ಅದಕ್ಕೆ ಹತ್ತಲಿಲ್ಲ. ಚೌಗಲಾರ ಮೂಲಪುರುಷ ನಾಲ್ಕು ಚೌಕ, ಎರಡು ಕೊಕ್ಕೆಯಾಗಿ ಕಂಡ. ಅಂಗಡಿಯಲ್ಲೇ ಕಾಗದಕ್ಕೆ ಇಳಿಸೋಣವೆಂದರೆ ಪ್ರಿಂಟರ್ ಇದ್ದ ಅಲ್ಲಿಯ ಕಂಪ್ಯೂಟರಿನಲ್ಲೂ ಅದೇ ಚೌಕ, ಅದೇ ಕೊಕ್ಕೆ. ಕೈಯಲ್ಲಿ ಬರೆದು ಮುಗಿಸಲು ದಿನ ಉಳಿದಿರಲಿಲ್ಲ, ಮರುದಿನವೇ ಚೌಗಲಾರು ಕರೆದಿದ್ದರು. ಕೊನೆಗೆ ಒಂದು ಉದ್ದನೆಯ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಕೊಂಡುಕೊಂಡು ಹೊರಟರು.

ಮುತ್ತ್ಯಾನ ಬೆನ್ನ ಮೇಲೆ, ಕಂಬಳಿಯಲ್ಲಿ ಸುತ್ತಿಕೊಂಡು ನಾನೂ ಹೋದೆ. ಚೌಗಲಾರ ಅಂಗಳದಲ್ಲಿ ಆಗಲೇ ಕಂಬಳಿ ಹಾಸಿ, ಮೊರದ ತುಂಬ ಜೋಳ ಹಾಕಿ, ದೀಪ ಹಚ್ಚಿಟ್ಟಿದ್ದರು. ಮನೆಮಂದಿಯೆಲ್ಲ ಸ್ನಾನ ಮಾಡಿ ಕೂತಿದ್ದರು. ಕಸ್ತೂರಿ ಎಕ್ಸ್‌ಟೆನ್ಷನ್ ಹಿಡಿದು, "ಯವ್ವಾರ, ಕರೆಂಟಿನ ಬಟನ್ ಎಲ್ಲೈತ್ರಿ?" ಎಂದು ಕೇಳಿದಳು. ಅಪ್ಪಾಸಾಹೇಬನ ತಾಯಿ ತಂಗೆವ್ವ, ತೊಂಬತ್ತರ ಮುದುಕಿ, ಬೊಚ್ಚುಬಾಯಿಯಲ್ಲಿ ನಕ್ಕಳು. "ಟೀಸಿ ಸುಟ್ಟು ಮೂರು ದಿನ ಆತಲ್ಲವ್ವ. ಕರೆಂಟ ಎಲ್ಲಿಂದ ತರ್ತಿ?"

ಊರಿನ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗಿತ್ತು. ಆದರೆ ದೀಪ ಹಚ್ಚಿಯಾಗಿತ್ತು, ಹಿಂದೆ ಸರಿಯುವಂತಿರಲಿಲ್ಲ. ಅವಳು ನನ್ನ ಬೆಳಕನ್ನು ಪೂರ್ತಿ ತಗ್ಗಿಸಿದಳು, ಬೇಡದ್ದನ್ನೆಲ್ಲ ಮುಚ್ಚಿದಳು, ಗಂಡನ ಕಿವಿಯಲ್ಲಿ "ಲಗೂ ಲಗೂ ಹೇಳ್ರಿ" ಎಂದು ಹಿಂದೆ ಸರಿದು ಎತ್ತಿನ ಪಕ್ಕ ಕೂತಳು. ವಂಶ ಹೇಳುವುದು ಗಂಡಸರ ಕೆಲಸ, ಹೆಂಗಸರ ಜಾಗ ಅಲ್ಲೇ. ಲಗಮಣ್ಣ ಶುರುಮಾಡಿದ. ದನಿ ಒಳ್ಳೆಯದಿತ್ತು. ಒಂದನೆಯ ತಲೆ, ಎರಡನೆಯ ತಲೆ, ಮೂರು, ನಾಲ್ಕು. ನಾನು ಉಸಿರು ಬಿಗಿಹಿಡಿದಿದ್ದೆ. ಆದರೆ ಒಳಗಿನ ದಿಬ್ಬಣದವರಿಗೆ ಅಂಗಳದ ಗಾಂಭೀರ್ಯ ಏನು ಗೊತ್ತು? ಅವರ ಪಾಡಿಗೆ ಅವರು ಹುಡುಕುತ್ತ, ತಪಾಸಣೆ ಮಾಡುತ್ತ ನನ್ನ ಶಕ್ತಿಯನ್ನು ತಿನ್ನುತ್ತಲೇ ಇದ್ದರು.

ಒಂದು ತಪ್ಪನ್ನು ಇಲ್ಲಿ ಹೇಳಿಬಿಡಬೇಕು. ಆ ದಿನ ನಾನು ಸುಳ್ಳು ಹೇಳಿದೆ. ಮೂಲೆಯಲ್ಲಿ ಇನ್ನೂ ಇಪ್ಪತ್ತೆಂಟು ಪರ್ಸೆಂಟು ಇದೆ ಎಂದು ತೋರಿಸುತ್ತಿದ್ದೆ. ಮುದಿ ಬ್ಯಾಟರಿಗೆ ತನ್ನಲ್ಲಿ ಎಷ್ಟು ಉಳಿದಿದೆ ಎಂದು ತನಗೇ ತಿಳಿಯುವುದಿಲ್ಲ. ಲಗಮಣ್ಣ ಆ ಅಂಕಿಯನ್ನು ನಂಬಿ ಸ್ವಲ್ಪ ನಿಧಾನಿಸಿದ. "ಶಿದರಾಯಗ ಮೂರು ಮಂದಿ ಮಕ್ಕಳು," ಎಂದ. ಅಷ್ಟಕ್ಕೇ ನನ್ನ ಕಣ್ಣು ಕತ್ತಲಾಯಿತು.

ಮುಂದಿನದನ್ನು ನಾನು ನೋಡಲಿಲ್ಲ. ಎರಡು ದಿನದ ಮೇಲೆ ಕಸ್ತೂರಿ ನನ್ನೆದುರು ಕೂತು ತಂಗಿಗೆ ಫೋನಿನಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಲಗಮಣ್ಣ ಕಪ್ಪು ಪರದೆ ನೋಡುತ್ತ ಕಲ್ಲಾಗಿಬಿಟ್ಟನಂತೆ. ಅಪ್ಪಾಸಾಹೇಬ ಮೊಳಕಾಲ ಮೇಲೆ ಕೈಯೂರಿ ಏಳತೊಡಗಿದನಂತೆ. ಅವನು ಎದ್ದರೆ ಏಳು ತಲೆಯ ಸಂಬಂಧ ಮುಗಿದಂತೆ. ಆಗ ಎತ್ತಿನ ಪಕ್ಕದಿಂದ ಒಂದು ದನಿ ಬಂತು.

"ಸುಣ್ಣ ಕೊಡವ್ವ."

ಕಸ್ತೂರಿಯದೇ ದನಿ. ಮಾವ ಹಾಡಿದ್ದು ಅವಳ ಕಿವಿಯಲ್ಲಿ ಹೇಗೆ ಕೂತಿತ್ತೋ ಹಾಗೇ ಬಾಯಿಗೆ ಬಂತು, ಸುಣ್ಣದ ಸಮೇತ. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಆದರೆ ತಂಗೆವ್ವನ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಗಿ, ಸುಣ್ಣದ ಡಬ್ಬಿ ತೆಗೆದು ಮುಂದೆ ಚಾಚಿತ್ತು. ಚಾಚಿದ ಮೇಲೆ ಮುದುಕಿ ತನ್ನ ಕೈಯನ್ನೇ ನೋಡಿಕೊಂಡಳು. ಕಣ್ಣಲ್ಲಿ ನೀರು ಬಂತು.

"ಭರಮಪ್ಪ ಇಲ್ಲೇ ಬೇಡತಿದ್ನೋ ಅಪ್ಪಾಸಾಹೇಬ. ಇದೇ ಜಾಗಾದಾಗ. ಕುಂದರು ನೀ."

"ಹೆಣ್ಮಗಳು ವಂಶ ಹೇಳೂದ ಎಲ್ಲೆರ ಐತೇನವ್ವ?"

"ನಿನ್ನ ವಂಶ ಹಡದವ್ರು ಗಂಡಸರೇನೋ? ಕುಂದರ. ಹೇಳ ಮಗಳ, ಹಿರ್ಯಾವ ಯಾರು?"

"ಹಿರ್ಯಾವ ರಾಚಪ್ಪ," ಎಂದಳು ಕಸ್ತೂರಿ. ಅಲ್ಲಿಂದ ಮುಕ್ಕಾಲು ಗಂಟೆ ಎಲ್ಲಿಯೂ ತಡೆಯಲಿಲ್ಲ. ಕಣ್ಣು ಮುಚ್ಚಿಕೊಂಡು, ಎತ್ತಿನ ಮೈಮೇಲೆ ಬೆರಳಿನಿಂದ ಟೈಪು ಮಾಡುವವಳ ಹಾಗೆ ಕುಟ್ಟುತ್ತ, ಕೊನೆಗೆ ಮನೆಯವರು ಕೊಟ್ಟ, ಹೋದ ತಿಂಗಳು ಹುಟ್ಟಿದ ಕೂಸಿನ ಹೆಸರನ್ನೂ ಸೇರಿಸಿ ಹೇಳಿದಳು. ಮೊರದ ಜೋಳವನ್ನು ಅಪ್ಪಾಸಾಹೇಬ ತಾನೇ ಎತ್ತಿ ಅವಳ ಸೆರಗಿಗೆ ಸುರಿದು, ಲಗಮಣ್ಣನಿಗೆ ಹೇಳಿದನಂತೆ: "ಬರೂ ಸಲ ಆ ಯಂತ್ರ ತರಬ್ಯಾಡೋ. ಈಕಿನ್ನ ಕರಕೊಂಡ ಬಾ."

ಆ ಮಾತು ಕೇಳಿ ನೋವಾಗಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಬಹಳ ನೋವಾಯಿತು. ಎಲ್ಲ ನನ್ನೊಳಗೇ ಇದೆ ಎಂದು ಮೆರೆದಿದ್ದೆ. ಎರಡು ವರ್ಷ ಅವಳು ನನ್ನೊಳಗೆ ಬರೆಯುತ್ತಿದ್ದಾಗ ಅದೆಲ್ಲ ಅವಳೊಳಗೂ ಇಳಿಯುತ್ತಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

ಈಗ ನಾನು ಅಡುಗೆಮನೆಯ ಪಕ್ಕದ ಗೂಡಿನಲ್ಲಿದ್ದೇನೆ. ಕಸ್ತೂರಿ ಮಧ್ಯಾಹ್ನ ವೈರು ಸಿಕ್ಕಿಸಿ, ನನ್ನಲ್ಲಿರುವುದನ್ನು ದಪ್ಪ ರಟ್ಟಿನ ಪುಸ್ತಕಕ್ಕೆ ಕೈಬರಹದಲ್ಲಿ ಇಳಿಸುತ್ತಾಳೆ. ಲಗಮಣ್ಣ ಪಕ್ಕದಲ್ಲಿ ಕೂತು ಶಾಲೆಯ ಹುಡುಗನಂತೆ ಬಾಯಿಪಾಠ ಮಾಡುತ್ತಾನೆ, ದಿನಾ ತಪ್ಪುತ್ತಾನೆ, ದಿನಾ ಬೈಸಿಕೊಳ್ಳುತ್ತಾನೆ. ಚೌಗಲಾರ ಪುಟದಲ್ಲಿ ಸುಣ್ಣದ ಸಾಲನ್ನು ಅವಳು ಬಿಡದೆ ಬರೆದಳು. ಒಂದೊಂದು ಮನೆತನ ಪುಸ್ತಕಕ್ಕೆ ಇಳಿದಾಗಲೂ ನನಗೆ ದಿಗಿಲಾಗುತ್ತಿತ್ತು. ಎಲ್ಲ ಮುಗಿದ ಮೇಲೆ ನಾನು ಹಳೆಯ ಪುಸ್ತಕ. ಹಳೆಯ ಪುಸ್ತಕವನ್ನು ಇವರು ಏನು ಮಾಡುತ್ತಾರೆಂದು ನನಗೆ ಗೊತ್ತೇ ಇದೆಯಲ್ಲ.

ಈ ಸಲದ ಕಾರಹುಣ್ಣಿಮೆಗೆ ಸರಿಯಾಗಿ ಬರೆದು ಮುಗಿಯಿತು. ಮುತ್ತ್ಯಾನ ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿದರು. ಮನೆಯ ವಂಶಾವಳಿ ಹೇಳಿದವಳು ಕಸ್ತೂರಿ. ಹಿರಿಯರ ಹೆಸರು ಮುಗಿಸಿ ಎತ್ತುಗಳಿಗೆ ಬಂದಳು.

"ಪುಸ್ತಕ ಹೊತ್ತವರು ಸರ್ಜಾ, ಅವನ ಹಿಂದ ಮೈಲಾರಿ, ಅವನ ಹಿಂದ ಬಿಳಿಗೆಣ್ಣ, ಅವನ ಹಿಂದ ಮುತ್ತ್ಯಾ..." ನಿಲ್ಲಿಸಿದಳು. ಗೂಡಿನ ಕಡೆ ನೋಡಿದಳು. "ಮುತ್ತ್ಯಾನ ಜೋಡಿ ಲ್ಯಾಪ್‌ಟಾಪ್."

ಲಗಮಣ್ಣ ನಕ್ಕುಬಿಟ್ಟ. "ಏ, ಅದೇನ ಎತ್ತೇನ?"

"ಹೊತ್ತೈತಿಲ್ರಿ?" ಎಂದಳು. "ಹೊಳಿಗಿ ಬಿಡೂದು ಪುಸ್ತಕಾನ. ಎತ್ತನ್ನ ಯಾರೂ ಹೊಳಿಗಿ ಬಿಡೂದಿಲ್ಲ."

ಎದ್ದು ಬಂದು ನನ್ನ ಮುಚ್ಚಳದ ಮೇಲೆ ಒಂದು ಬೆರಳು ಅರಿಸಿನ ಹಚ್ಚಿದಳು. ಹುಟ್ಟಿದಾಗ ಬೆನ್ನಿಗಂಟಿಸಿದ ನಂಬರಿನ ಚೀಟಿ ಎಂದೋ ಸವೆದುಹೋಗಿದೆ. ಆಮೇಲೆ ಅವಳು ವೈರು ಕಿತ್ತು, ಸುತ್ತಿ, ಪಕ್ಕದಲ್ಲಿಟ್ಟು, ಎತ್ತಿಗೆ ಹೋಳಿಗೆ ತಿನ್ನಿಸಲು ಹೊರಗೆ ಹೋದಳು. ನನ್ನಲ್ಲಿ ಇಪ್ಪತ್ತು ನಿಮಿಷದ ಉಸಿರು ಉಳಿದಿತ್ತು. ಅಷ್ಟು ಹೊತ್ತೂ ಅಂಗಳದಲ್ಲಿ ಮುತ್ತ್ಯಾನ ಗೆಜ್ಜೆಯ ಸದ್ದು ಕೇಳುತ್ತ ಕೂತಿದ್ದೆ.