ಇಳಿಜಾರಿನಲ್ಲಿ ಬಂದಾಗುವ ಎಂಜಿನ್

ಯಾವ ಲಾರಿ ಎಷ್ಟು ಡೀಸೆಲ್ ಕುಡಿಯಿತು, ಎಷ್ಟು ದೂರ ಓಡಿತು ಎಂದು ಕಂಪ್ಯೂಟರ್ ಮುಂದೆ ಕೂತು ನೋಡುವುದೇ ನೇತ್ರಾಳ ಕೆಲಸ. ಸೊಲ್ಲಾಪುರ ರಸ್ತೆಯ ಆ ಲಾರಿ ಆಫೀಸಿನಲ್ಲಿ ಒಳ್ಳೆಯ ಮೈಲೇಜ್ ತಂದ ಡ್ರೈವರನ ಹೆಸರನ್ನು ಪ್ರತಿ ಸೋಮವಾರ ಗೋಡೆಯ ಹಲಗೆಯ ಮೇಲೆ ಬರೆಯುವವಳೂ ಅವಳೇ. ವರ್ಷವಿಡೀ ಒಂದೇ ಹೆಸರು ಬರೆದಳು: ಅಮರಪ್ಪ.

ಅಮರಪ್ಪನ ಗುಟ್ಟು ಅವಳಿಗೆ ಗೊತ್ತಿತ್ತು. ತಿಕೋಟಾದಿಂದ ಒಣದ್ರಾಕ್ಷಿ ಹೇರಿಕೊಂಡು ಬಬಲೇಶ್ವರದ ಕಡೆ ಹೊರಟರೆ ನಡುವೆ ಒಂದು ಉದ್ದನೆಯ ಇಳಿಜಾರು. ಅಲ್ಲಿ ಆತ ಎಂಜಿನ್ ಬಂದ್ ಮಾಡಿ ಲಾರಿಯನ್ನು ಹಾಗೇ ಉರುಳಲು ಬಿಡುತ್ತಿದ್ದ. ಎಂಜಿನ್ ನಿಂತರೆ ಬ್ರೇಕಿಗೆ ಗಾಳಿ ತುಂಬುವುದಿಲ್ಲ. ಇದ್ದ ಗಾಳಿ ನಾಲ್ಕು ಸಲ ತುಳಿದರೆ ಮುಗಿಯಿತು. ಪರದೆಯ ಮೇಲೆ ಎಂಜಿನ್ ಸೊನ್ನೆ, ವೇಗ ಅರವತ್ತು ಎಂದು ದಿನಾ ಕಾಣುತ್ತಿತ್ತು. ಕಂಡೂ ಕಾಣದಂತೆ ಇದ್ದಳು ಪುಣ್ಯಾತ್ಗಿತ್ತಿ. ಒಂದು ದಿನ ಇಳಿಜಾರಿನ ಕೊನೆಯ ತಿರುವಿನಲ್ಲಿ ಲಾರಿ ಉರುಳಿ ಅಮರಪ್ಪ ಸತ್ತ.

"ಬ್ರೇಕ್ ಕೈಕೊಟ್ಟಾವ್ರಿ. ಮಷೀನ್‌ನಾಗ ಬ್ಯಾರೆ ಏನೂ ಕಂಡಿಲ್ಲ" ಎಂದು ಅವನ ಹೆಂಡತಿ ಶಂಕ್ರೆವ್ವನಿಗೆ ಹೇಳಿ ನೇತ್ರಾ ಕೈತೊಳೆದುಕೊಂಡಳು.

ಲಾರಿ ರಿಪೇರಿಯಾಗಿ ಬಂತು. ಈ ಸಲ ಅದನ್ನು ಹತ್ತಿದವನು ಅವಳ ತಮ್ಮ ಮುತ್ತು.

ಮೊದಲ ದಿನವೇ ಇಳಿಜಾರಿನಲ್ಲಿ ಅರ್ಧ ನಿಮಿಷ ಎಂಜಿನ್ ಸೊನ್ನೆಯಾಯಿತು. ನೇತ್ರಾ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದಳು.

"ಅಕ್ಕಾ, ನಿನ್ನಾಣಿ, ನಾ ಕೀಲಿ ಮುಟ್ಟಿಲ್ಲ. ತಾನ ಬಂದಾತು, ತಾನ ಚಾಲೂ ಆತು."

ಮರುದಿನ ಒಂದು ನಿಮಿಷ. ಅದರ ಮರುದಿನ ಎರಡು. ಮೇಸ್ತ್ರಿ ಮೌಲಾಸಾಬ ಎಲ್ಲ ಬಿಚ್ಚಿ ನೋಡಿ, ದೋಷವೇನೂ ಇಲ್ಲವೆಂದು ಕೈ ಒರೆಸಿಕೊಂಡ. ಮೈಲೇಜ್ ಏರಿದ್ದಕ್ಕೆ ಮಾಲೀಕರಿಗೆ ಹಿಗ್ಗೋ ಹಿಗ್ಗು. ನೇತ್ರಾ ಕೇಳಿಕೊಂಡರೂ ಲಾರಿ ನಿಲ್ಲಿಸಲು ಒಪ್ಪಲಿಲ್ಲ. ನಾಲ್ಕನೆಯ ದಿನ ಮೂರು ನಿಮಿಷ, ಮತ್ತೆ ಚಾಲೂ ಆದಾಗ ತಿರುವು ಕೂಗಳತೆ ದೂರ. ಆ ಮೂರು ನಿಮಿಷವೂ ಪರದೆಯಲ್ಲಿ ಡ್ರೈವರನ ಹೆಸರಿನ ಜಾಗದಲ್ಲಿ ಅಮರಪ್ಪ ಎಂದಿತ್ತು.

ಐದನೆಯ ದಿನ ಹೋಗಬೇಡವೆಂದು ನೇತ್ರಾ ಗೋಗರೆದರೆ ಮುತ್ತು ನಕ್ಕ. "ಸೋಮಾರ ಹಲಗಿ ಮ್ಯಾಲ ನನ್ನ ಹೆಸರು ಬರೀತಿ ನೋಡಕ್ಕಾ" ಎಂದು ಹೊರಟೇಬಿಟ್ಟ.

ನೇತ್ರಾ ಆಫೀಸಿಗೆ ಹೋಗದೆ ತಿಕೋಟಾದ ಬಸ್ ಹತ್ತಿದಳು. ಅಲ್ಲಿ ಶಂಕ್ರೆವ್ವ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ಅವಳ ಎದುರಿಗೆ ಒಂದು ಖಾಲಿ ಮಣೆ, ಪಕ್ಕದಲ್ಲಿ ತುಂಬಿದ ನೀರಿನ ಚರಿಗೆ. ನೇತ್ರಾಳ ಕೈಯಲ್ಲಿದ್ದ ಫೋನಿನಲ್ಲಿ ಎಂಜಿನ್ ಆಗಲೇ ಸೊನ್ನೆಯಾಗಿತ್ತು. ಒಂದು ನಿಮಿಷ. ಎರಡು. ಮೂರು.

"ಯವ್ವಾ, ನಾ ನಿಮಗ ಸುಳ್ಳ ಹೇಳೇನ್ರಿ. ಕಾಕಾ ಎಂಜಿನ್ ಬಂದ್ ಮಾಡೂದು ನನಗ ದಿನಾ ಕಾಣ್ತಿತ್ತು. ಬ್ಯಾಡ ಅನ್ನಲಿಲ್ಲ. ಹಲಗಿ ಮ್ಯಾಲ ಹೆಸರು ಬರದು ಹುರುಪು ಹಚ್ಚಿದೆ. ಅವರ ಸಾವಿಗೆ ನಾನೂ ಕಾರಣ ಅದೇನಿ."

ಸೊನ್ನೆ ನಡುಗಿತು. ಎಂಜಿನ್ ಚಾಲೂ ಆಯಿತು. ಲಾರಿ ತಿರುವು ದಾಟಿತು. ಹೆಸರಿನ ಜಾಗದಲ್ಲಿ ಮುತ್ತು. ನೇತ್ರಾ ಬಿಕ್ಕಿಬಿಕ್ಕಿ ಅತ್ತಳು.

ಶಂಕ್ರೆವ್ವನಿಗೆ ಅಚ್ಚರಿಯೇನೂ ಆದಂತೆ ಕಾಣಲಿಲ್ಲ. "ನನಗ ಗೊತ್ತದ ತಂಗಿ" ಎಂದಳು. "ಸತ್ತ ಮ್ಯಾಲೂ ಅಂವ ದಿನಾ ಇದ ಹೊತ್ತಿಗೆ ಬಂದು ಈ ಮಣಿ ಮ್ಯಾಲ ಕುಂಡ್ರತಿದ್ದ. ಆ ಹುಡುಗಿ ಬಂದು ಖರೇ ಹೇಳಿದ್ಳೇನು ಅಂತ ಕೇಳತಿದ್ದ."

ನೇತ್ರಾ ಮಣೆಯ ಕಡೆ ನೋಡಿದಳು. ಯಾರೂ ಮುಟ್ಟಿರದ ಚರಿಗೆಯಲ್ಲಿ ಹನಿ ನೀರೂ ಇರಲಿಲ್ಲ.

"ಖರೇ ಕೇಳಿ, ನೀರ ಕುಡದು ಹ್ವಾದ. ಇನ್ನ ಬರೂದಿಲ್ಲ." ಶಂಕ್ರೆವ್ವ ಖಾಲಿ ಚರಿಗೆಯನ್ನು ಮಡಿಲಿಗೆ ಎಳೆದುಕೊಂಡಳು. "ನೀ ಬರಬಾರದಿತ್ತು."