ಅಜ್ಜನ ಗೊಂಚಲು

ಆ ಕಾರು ನಿಂತಲ್ಲೆಲ್ಲ ಒಂದು ಕಥೆ ಹುಟ್ಟುತ್ತಿತ್ತು. ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಹಾದಿಯಲ್ಲಿ, ಸುತ್ತ ಮೆಕ್ಕೆಜೋಳ ಎದ್ದುನಿಂತ ಕಡೆಯೋ ಹುಣಸೆಮರದ ನೆರಳಲ್ಲೋ, ಹಸಿರು ಅಂಬಾಸಿಡರ್ ಹೇಳದೆ ಕೇಳದೆ ಉಸಿರು ಬಿಡುತ್ತಿತ್ತು. ಅಪ್ಪ ಪಾಲಾಕ್ಷಪ್ಪ ಗೊಣಗುತ್ತ ಇಳಿದು ಬಾನೆಟ್ ಎತ್ತುವಷ್ಟರಲ್ಲಿ, ಹಿಂದಿನ ಸೀಟಿನಲ್ಲಿ ಅಜ್ಜಿ ಕೊಟ್ರಮ್ಮ ಗಂಗಾಂಬಿಕಾಳನ್ನು ಮಗ್ಗುಲಿಗೆ ಎಳೆದುಕೊಂಡು, "ಒಂದೂರಾಗ ಒಬ್ಬ ರಾಜ ಇದ್ದ" ಎಂದುಬಿಡುತ್ತಿದ್ದಳು. ರಾಜಕುಮಾರಿ ಕಾಡಿನ ಬಾಗಿಲಿಗೆ ಬರುವ ಹೊತ್ತಿಗೆ ಕಾರು ಏನೂ ಆಗದವರ ಹಾಗೆ ಗುರ್ರ್ ಅನ್ನುತ್ತಿತ್ತು. ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಗಂಗಾಂಬಿಕಾ ಬೆಳೆದು ಕಾಲೇಜು ಸೇರಿದರೂ ಆ ರಾಜಕುಮಾರಿಯರೆಲ್ಲ ಇನ್ನೂ ಕಾಡಿನ ಬಾಗಿಲಲ್ಲೇ ನಿಂತಿದ್ದರು.

ಕಾರಿಗೆ ಇದು ಅಜ್ಜ ಇದ್ದಾಗಿನಿಂದ ಇದ್ದ ರೋಗವೇ. ಅಜ್ಜ ಹೋದ ಮೇಲೆ ಅಪ್ಪನಿಗೆ ತಾಳ್ಮೆ ಉಳಿಯಲಿಲ್ಲ.

"ಬರೋ ಸೋಮವಾರ ಕೊಟ್ಟೂರ ಹಾದ್ಯಾಗ ಇದು ಒಂದು ಸಲ ನಿಲ್ಲಲಿ, ದಾವಣಗೆರಿ ಗುಜರಿಯವನಿಗೆ ಕೊಟ್ಟುಬಿಡ್ತೀನಿ. ಹೇಳಿನೂ ಬಂದೀನಿ" ಅಂದ.

ಗಂಗಾಂಬಿಕಾಳಿಗೆ ಎದೆಯೊಳಗೆ ಯಾರೋ ತಗಡು ಕತ್ತರಿಸಿದಂತಾಯಿತು. ಭಾನುವಾರ ಬೆಳಿಗ್ಗೆ ಅಪ್ಪನ ಜೊತೆ ತಾನೂ ಗ್ಯಾರೇಜಿಗೆ ಹೊರಟಳು.

ಬಸ್ ಸ್ಟ್ಯಾಂಡ್ ಹಿಂದಿನ ಮೇಸ್ತ್ರಿ ಓಬಳೇಶ ಪ್ಲಗ್ಗು ಬದಲಿಸಿದ್ದ, ಕಾಯಿಲ್ ಬದಲಿಸಿದ್ದ, ಪಾಯಿಂಟು ತಿಕ್ಕಿದ್ದ. ಅವನು ಓಡಿಸಿದಾಗ ಕಾರು ಒಂದು ದಿನವೂ ನಿಂತದ್ದಿಲ್ಲ.

"ನನ್ನ ಮುಂದ ಶಾಲಿ ಹುಡುಗನಂಗ ಕೈಕಟ್ಟಿ ನಿಲ್ತೈತಿ ಯಜಮಾನ್ರ. ಇದಕ್ಕ ಸಿಟ್ಟಿರೋದು ನಿಮ್ಮ ಮ್ಯಾಲೆ."

"ನೀ ಮಾತಿನಾಗ ರಿಪೇರಿ ಮಾಡಬ್ಯಾಡಲೇ ಓಬಳೇಶ" ಎಂದು ಅಪ್ಪ ಬೀಡಾ ತರಲು ಹೋದ.

ಓಬಳೇಶ ಮೊದಲು ಕೈ ಒರೆಸಿಕೊಂಡ. ಕಾರಿನ ಕೀಗೆ ತಗುಲಿಹಾಕಿದ್ದ ಗೊಂಚಲನ್ನು ಮೆಲ್ಲಗೆ ಬಿಡಿಸಿ, ಕಣ್ಣಿಗೊತ್ತಿಕೊಂಡು, ದೇವರ ಪಟದ ಕೆಳಗಿನ ಮೊಳೆಗೆ ನೇತುಹಾಕಿದ. ಹಿತ್ತಾಳೆಯ ಬಸವಣ್ಣ, ಅಜ್ಜನ ಮೊದಲ ಎತ್ತಿನ ಕೊರಳ ಗಂಟೆ, ಕಾಳು ತುಂಬಿಡುವ ಹಗೇವಿನ ಕೋಣೆಯ ಕಬ್ಬಿಣದ ಬೀಗದಕೈ, ಹೋದ ಹೋದ ಕ್ಷೇತ್ರದಲ್ಲಿ ಕೊಂಡ ತ್ರಿಶೂಲ, ಪಾದ, ಲಿಂಗ. ಮುಷ್ಟಿಯಲ್ಲಿ ಹಿಡಿಯದಷ್ಟು ದಪ್ಪವಾಗಿತ್ತು.

"ಯಾಕಣ್ಣ ಅದನ್ನ ತೆಗೀತಿ?"

"ಗ್ರೀಸ್ ಕೈಯಾಗ ದೇವರನ್ನ ಮುಟ್ಟಬಾರದವ್ವ. ನಿಮ್ಮಜ್ಜನ ಕಾಲದಿಂದ ಹಿಂಗ ಮಾಡ್ತೀನಿ."

ಗೊಂಚಲು ಮೊಳೆಯಲ್ಲಿ ಒಮ್ಮೆ ಝಲ್ಲೆಂದು ಸುಮ್ಮನಾಯಿತು. ಗಂಗಾಂಬಿಕಾಳಿಗೆ ಥಟ್ಟನೆ ಹೊಳೆಯಿತು. ಮೊದಲು ಝಲ್, ಆಮೇಲೆ ಮೌನ, ಆಮೇಲೆ ಅಜ್ಜಿಯ ದನಿ. ಬುದ್ಧಿ ಬಂದಾಗಿನಿಂದ ಅವಳು ಕೇಳಿದ ಕಥೆಗಳೆಲ್ಲ ಶುರುವಾಗಿದ್ದೇ ಹಾಗೆ.

"ಅಣ್ಣ, ಇವತ್ತೊಂದು ದಿನ ದೇವರನ್ನೂ ಕರ್ಕೊಂಡು ಹೋಗೋಣ."

ಓಬಳೇಶ ನಕ್ಕ. ಆದರೂ ಸೋಪು ಹಚ್ಚಿ ಕೈ ತೊಳೆದು ಬಂದು ಗೊಂಚಲು ಸಿಕ್ಕಿಸಿದ. ಗುಂಡಿ ಬಿದ್ದ ಕೆರೆಯ ಹಾದಿಗೆ ಕಾರು ಇಳಿಸಿದರು. ಎರಡು ಗುಂಡಿ ದಾಟಿತು. ಮೂರನೆಯದರಲ್ಲಿ ಗೊಂಚಲು ಜೋಲಿ ಹೊಡೆದು ಝಲ್ಲೆಂದಿತು, ಕಾರು ಸತ್ತೇಹೋಯಿತು. ಓಬಳೇಶ ಗೊಂಚಲನ್ನು ಅಂಗೈಯಲ್ಲಿ ಎತ್ತಿ ಹಿಡಿದು, ಭಾರ ತಪ್ಪಿಸಿ ಸ್ಟಾರ್ಟ್ ಮಾಡಿದ. ಇಂಜಿನ್ ಎದ್ದಿತು. ಕೈಬಿಟ್ಟು ಅಲ್ಲಾಡಿಸಿದ. ನಿಂತಿತು.

"ಅಯ್ಯೋ ನನ್ನ ಶಿವನೇ! ಇದರ ಭಾರಕ್ಕ ಕೀ ಸ್ವಿಚ್ಚು ಒಳಗಿಂದ ಸವೆದೈತಿ. ಜೋಲಿ ಹೊಡೆದಾಗೆಲ್ಲ ಕರೆಂಟು ಬಿಡ್ತೈತಿ. ದಿನಾ ದೇವರನ್ನ ಇಳಿಸಿಟ್ಟು ದೆವ್ವ ಹುಡುಕೀನಲ್ಲ!" ಎಂದು ಹಣೆ ಚಚ್ಚಿಕೊಂಡ. "ಹೊಸ ಸ್ವಿಚ್ಚು ಹಾಕ್ತೀನಿ. ಆದರ ಈ ಗೊಂಚಲು ಇದ್ದರ ಅದನ್ನೂ ತಿಂತೈತಿ ನೋಡವ್ವ."

ಮನೆಯಲ್ಲಿ ಅಜ್ಜಿ ಎಲ್ಲ ಕೇಳಿ, ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ಒಂದೇ ಮಾತು ಅಂದಳು: "ಅವರು ಕಟ್ಟಿದ್ದನ್ನ ಬಿಚ್ಚಾಕ ನಾನ್ಯಾರು? ಬೇಕಾದರ ಗಾಡಿನ ಕೊಟ್ಟುಬಿಡ್ರಿ."

ಅಪ್ಪ ಹೊರಗೆ ಹೋದ. ಗಂಗಾಂಬಿಕಾ ಅಜ್ಜಿಯ ಕಾಲ ಬುಡದಲ್ಲಿ ಕೂತಳು.

"ಅಜ್ಜಿ, ಒಂದೂರಾಗ ಒಬ್ಬ ರಾಜ ಇದ್ದ. ಅವನ ಹತ್ರ ಒಂದು ಹಸಿರು ಕುದುರಿ. ಹೋದ ಊರಿಂದೆಲ್ಲ ರಾಜ ಅದಕ್ಕ ಒಂದೊಂದು ಗೆಜ್ಜಿ ತಂದು ಕೊರಳಿಗೆ ಕಟ್ಟಿದ. ಪ್ರೀತಿಲೇ ಕಟ್ಟಿದ. ರಾಜ ಹೋದ. ಗೆಜ್ಜಿ ಭಾರಕ್ಕ ಕುದುರಿ ಕತ್ತು ಬಗ್ಗಿತು. ಹಾದ್ಯಾಗ ಮುಗ್ಗರಿಸಾಕ ಹತ್ತಿತು. ಮಂದಿ, ಇದನ್ನ ಕಡಿದುಬಿಡ್ರಿ ಅಂದರು. ರಾಣಿ ಮಾತ್ರ ಗೆಜ್ಜಿ ಬಿಚ್ಚಲಿಲ್ಲ."

"ಆಮ್ಯಾಲೆ?"

"ಮುಂದಿಂದು ನನಗ ಗೊತ್ತಿಲ್ಲ. ನೀನೂ ಯಾವತ್ತು ಮುಗಿಸಿ ಹೇಳೀದಿ?"

"ಬಾಳ ಬೆರಕಿ ಆಗೀದಿ" ಎಂದು ಅಜ್ಜಿ ಅವಳ ತಲೆಗೆ ಮೊಟಕಿದಳು. ಗಂಟೆಯನ್ನು ಬೆರಳಿನಿಂದ ಒಮ್ಮೆ ನುಡಿಸಿ, ಕಾರಿನ ಕೀ ಬಿಡಿಸಿ ತೆಗೆದು, ಗೊಂಚಲನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಕೀಯನ್ನು ಮಾತ್ರ ಮೊಮ್ಮಗಳ ಕೈಗಿಟ್ಟಳು.

ಸೋಮವಾರ ಕಾರು ಕೊಟ್ಟೂರು ಮುಟ್ಟಿತು, ಒಂದು ಸಲವೂ ಕೆಮ್ಮದೆ. ವಾಪಸು ಬರುವಾಗ ಅಪ್ಪ ಸಿಳ್ಳೆ ಹಾಕುತ್ತಿದ್ದ. ಗುಜರಿಯವನ ಸುದ್ದಿ ಅವನೂ ಎತ್ತಲಿಲ್ಲ, ಯಾರೂ ಕೇಳಲಿಲ್ಲ. ಹುಣಸೆಮರ ಹತ್ತಿರ ಬಂತು, ಹಿಂದಕ್ಕೂ ಸರಿಯತೊಡಗಿತು. ಗಂಗಾಂಬಿಕಾ ಕಿಟಕಿಯಿಂದ ಕತ್ತು ಹೊರಳಿಸಿ ಅದನ್ನೇ ನೋಡುತ್ತಿದ್ದಳು. ಅಜ್ಜಿಯ ಸೊಂಟದಲ್ಲಿ ಝಲ್ಲೆಂದಿತು.

"ಪಾಲಾಕ್ಷಿ, ಗಾಡಿ ನಿಲ್ಲಿಸೋ."

ಅಪ್ಪ ಗಾಬರಿಯಾಗಿ ಬ್ರೇಕ್ ಒತ್ತಿದ. "ಯಾಕವ್ವ, ಏನಾತು?"

"ಏನೂ ಆಗಿಲ್ಲ. ಈ ಹುಡುಗಿಗೆ ಕಾಡಿನ ಬಾಗಿಲು ತೆಗೆದು ತೋರಿಸೋದೈತಿ."

ಅಪ್ಪ ತಾನೇ ಕೀ ತಿರುವಿ ಕಾರು ಆರಿಸಿದ. ಇಷ್ಟು ವರ್ಷ ಬಾನೆಟ್ಟಿನಡಿ ತಲೆಯಿಟ್ಟು ನಿಂತವನಿಗೆ ಇವತ್ತು ಇಳಿಯುವ ಕೆಲಸವೇ ಇರಲಿಲ್ಲ. ಸೀಟಿನ ಮೇಲೆ ಮೊಣಕೈಯಿಟ್ಟು ಹಿಂದಕ್ಕೆ ತಿರುಗಿ, "ಯಾವ ಬಾಗಿಲವ್ವ?" ಅಂದ.