ಪುಸ್ತಕದಲ್ಲಿಲ್ಲದ ಹೂವು

ಅಗಡಿಯ ಹಾದಿಗೆ ಹತ್ತಿಕೊಂಡ ಆ ನಾಲ್ಕೆಕರೆ ಎರೆಹೊಲ ಹಾವೇರಿಯ ವಕೀಲ ಬಾಳಕೃಷ್ಣರಾಯರದು. ಹೆಸರಿಗೆ ಅವರದು, ಹನ್ನೆರಡು ವರ್ಷದಿಂದ ಅದರಲ್ಲಿ ಬೆನ್ನು ಬಗ್ಗಿಸಿದವರು ಗದಿಗೆವ್ವ ಮತ್ತು ಅವಳ ಗಂಡ ಫಕ್ಕೀರಪ್ಪ. ಬೆಳೆದದ್ದರಲ್ಲಿ ಅರ್ಧ ರಾಯರಿಗೆ, ಅರ್ಧ ಇವರಿಗೆ. ಇಷ್ಟು ವರ್ಷದಲ್ಲಿ ರಾಯರು ಒಮ್ಮೆಯೂ ಹೊಲಕ್ಕೆ ಕಾಲಿಟ್ಟವರಲ್ಲ. ಜೋಳವೇ ಚಕ್ಕಡಿ ಏರಿ ಅವರ ಮನೆಗೆ ಹೋಗುವಾಗ ಅವರು ಯಾಕೆ ಚಪ್ಪಲಿ ಸವೆಸಬೇಕು?

ಅಂಥವರು ಆ ವರ್ಷ ದಸರೆಯ ಕೋರ್ಟು ರಜೆಯಲ್ಲಿ ಟಾಂಗಾ ಮಾಡಿಕೊಂಡು ಬಂದಿಳಿದರು. ಕೆಲಸ ಮುಗಿಸಿ ತನ್ನ ದೇಶಕ್ಕೆ ಮರಳಿದ ಯಾವನೋ ಬಿಳಿ ಸಾಹೇಬ ಹೋಗುವಾಗ ಅವರಿಗೊಂದು ಪುಸ್ತಕ ಕೊಟ್ಟಿದ್ದನಂತೆ. ಕೋಟಿನ ಕಿಸೆಯಲ್ಲಿ ಹಿಡಿಯುವ ಪುಸ್ತಕ, ಪುಟಪುಟಕ್ಕೂ ಬಣ್ಣದ ಚಿತ್ರ. ಕಾಡುಹೂವು ಕಂಡರೆ ಚಿತ್ರಕ್ಕೆ ಹೋಲಿಸಿ ನೋಡಿ ಹೆಸರು ತಿಳಿದುಕೊಳ್ಳಬೇಕು. ಹೂವೆಲ್ಲ ವಿಲಾಯಿತಿಯವು. ಅವು ಅಗಡಿಯ ಬದುವಿನ ಮೇಲೆ ಯಾಕೆ ಹುಟ್ಟಬೇಕು ಎಂಬ ಸಂಶಯ ರಾಯರಿಗೆ ಬರಲಿಲ್ಲ. ಬಿ.ಎ., ಎಲ್‌ಎಲ್.ಬಿ. ತುಂಬಿದ ತಲೆಯಲ್ಲಿ ಅಷ್ಟು ಸಣ್ಣ ಸಂಶಯಕ್ಕೆ ಜಾಗವೆಲ್ಲಿ?

ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಭೂತಗನ್ನಡಿ. ಬದುವಿನ ಮೇಲೆ ತುಂಬೆ ಹೂವು ಕಂಡು, ಹಾಳೆ ತಿರುವಿ, ಬಾಯಿ ತುಂಬುವ ಒಂದು ಇಂಗ್ಲಿಷ್ ಹೆಸರು ಹೇಳಿದರು. ತಂಗಡಿ ಹೂವಿಗೆ ಇನ್ನೊಂದು. ಬಿಳಿ ಹೂವಿಗೆ ಬಿಳಿ ಚಿತ್ರ, ಹಳದಿಗೆ ಹಳದಿ ಚಿತ್ರ, ಮುಗಿಯಿತು ವಿದ್ಯೆ. ಶಿವನ ತಲೆಗೆ ಏರಿಸುವ ತುಂಬೆಯ ಹೆಸರು ಕೇಳಲು ಸಮುದ್ರ ದಾಟಬೇಕೇ ಎಂದು ಗದಿಗೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದವರನ್ನು ಅವಳು ಕಣ್ಣಾರೆ ಕಂಡದ್ದು ಅದೇ ಮೊದಲು.

ರಾಯರು ಜೋಳದ ಸಾಲಿನೊಳಗೆ ಹೊಕ್ಕು ಒಂದು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಾಗ ಅವಳ ನಗೆ ನಿಂತಿತು. ಗೇಣುದ್ದದ ಗಿಡ, ಅದರ ತುಂಬ ಸಣ್ಣ ಬಿಳಿ ಹೂವು. ನೋಡಲು ಚೆಂದವೇ. ರೈತರು ಅದನ್ನು ಬಿಳಿ ಕಸ ಎನ್ನುತ್ತಾರೆ. ಜೋಳದ ಬೇರಿಗೆ ಬಾಯಿ ಹಚ್ಚಿ ಹೀರುವ ಪೀಡೆ ಅದು. ಹೂವಿದ್ದಾಗಲೇ ಕಿತ್ತರೆ ಬದುಕಿದೆವು. ಕಾಯಿ ಒಣಗಿ ಒಡೆಯಿತೋ, ನಶ್ಯದ ಪುಡಿಯಂಥ ಬೀಜ ಹೊಲದ ತುಂಬ ಹಾರಿ, ಮುಂದೆ ಹತ್ತು ವರ್ಷ ಆ ಮಣ್ಣಿನಲ್ಲಿ ಜೋಳ ತೆನೆ ಕಟ್ಟುವುದಿಲ್ಲ. ನೆರೆಯ ಮೈಲವ್ವನನ್ನು ಕರೆದುಕೊಂಡು ಮರುದಿನವೇ ಕೀಳಬೇಕೆಂದು ಗದಿಗೆವ್ವ ಗೊತ್ತುಮಾಡಿದ್ದಳು.

ರಾಯರು ಪುಸ್ತಕವನ್ನು ಮೂರು ಸಲ ತಿರುವಿದರು. ಬಿಳಿ ಚಿತ್ರಗಳೆಲ್ಲ ಆಗಲೇ ಬೇರೆ ಹೂವುಗಳಿಗೆ ಖರ್ಚಾಗಿದ್ದವು, ಇದಕ್ಕೆ ಚಿತ್ರ ಸಿಗಲಿಲ್ಲ. ಮುಖ ಅರಳಿತು.

“ಈ ಪುಸ್ತಕದಾಗ ಇಲ್ಲ ಅಂದ್ರ, ಈ ಹೂವನ್ನ ಇಲ್ಲೀ ತನಕ ಯಾರೂ ನೋಡೇ ಇಲ್ಲ!”

“ನಾ ನೋಡೇನ್ರಿ. ನಮ್ಮತ್ತಿನೂ ನೋಡಿದ್ಲು. ಇದು ಬಿಳಿ ಕಸ ರೀ.”

“ನೀವು ನೋಡಿದ್ದು ನೋಡಿದ್ಹಂಗ ಅಲ್ಲ, ಗದಿಗೆವ್ವ. ಮೊದಲ ಬರದು ಕಳಿಸಿದವರ ಹೆಸರು ಇದಕ್ಕ ಇಡ್ತಾರ. ಇದು ಬಾಳಕೃಷ್ಣ ಪುಷ್ಪ! ಬೀಜ ಸಹಿತ ಪುಣೆದಾಗಿನ ಗಿಡಾ-ಹೂವಿನ ಪಂಡಿತರಿಗೆ ಕಳಸಬೇಕು. ಕಾಯಿ ಒಣಗೋ ತನಕ ಒಂದ ಗಿಡಾನೂ ಕೀಳಬಾರದು. ಕಿತ್ತಿರೋ, ಬರೋ ವರ್ಷ ಹೊಲ ನಿಮ್ಮಿಂದ ಬಿಡಿಸಿ ನಿಮ್ಮೂರ ಅಂದಾನೆಪ್ಪಗ ಕೊಡತೇನಿ.”

“ಹೂಂ ರೀ” ಎಂದು ಫಕ್ಕೀರಪ್ಪ ಕೈಮುಗಿದ. ರಾಯರ ಎದುರಿಗೆ ಅವನ ಬಾಯಿಗೆ ಬರುತ್ತಿದ್ದ ಮಾತು ಅದೊಂದೇ.

ಟಾಂಗಾ ಮರೆಯಾದ ಮೇಲೆ ಗದಿಗೆವ್ವನ ಮೈ ಉರಿಯಿತು. “ಕಿತ್ರ ಹೊಲ ಹೋಗತೈತಿ, ಬಿಟ್ರ ಬೆಳಿ ಹೋಗತೈತಿ. ಬೇಲೀನ ಎದ್ದು ಹೊಲ ಮೇಯಾಕತ್ರ ಯಾರಿಗೆ ಹೇಳೂದು?” ಎಂದು ಗಂಡನ ಮೇಲೆ ಹರಿಹಾಯ್ದಳು. ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಹೇಗಿದ್ದರೂ ರೊಟ್ಟಿಗೆ ಸಂಚಕಾರ.

ಸಂತೆಯ ದಿನ ರಾಯರ ಕಾಲನ್ನಾದರೂ ಹಿಡಿದು ನೋಡೋಣವೆಂದು ಹಾವೇರಿಗೆ ಹೋದಳು. ರಾಯರ ಪಡಸಾಲೆಯಲ್ಲಿ ಕಕ್ಷಿದಾರರು ಕುಳಿತಿದ್ದರು. ಬ್ಯಾಡಗಿಯಿಂದ ಬಂದ ಮೆಣಸಿನಕಾಯಿ ಬೆಳೆಗಾರ ಬುಡನಸಾಬ, ಐರಣಿ ಕಡೆಯ ನಾಲ್ಕಾರು ರೈತರು. ರಾಯರು ಅವರಿಗೆಲ್ಲ ತಮ್ಮ ಹೂವಿನ ಕಥೆ ಹೇಳುತ್ತ ಪುಣೆಗೆ ಕಾಗದ ಬರೆಯುತ್ತಿದ್ದರು. ಇವಳ ಅಹವಾಲಿಗೆ ಪುರಸೊತ್ತೆಲ್ಲಿ?

“ಛಲೋ ವ್ಯಾಳ್ಯಾಕ್ಕ ಬಂದಿ. ಬಾಳಕೃಷ್ಣ ಪುಷ್ಪದ ಗುಣಾ ಏನೇನು, ಹೇಳು. ಬರಕೊಳ್ಳತೇನಿ.”

ಗದಿಗೆವ್ವ ಬೇಡಲು ಬಂದದ್ದನ್ನು ಅಲ್ಲಿಯೇ ಬಿಟ್ಟಳು.

“ಬರಕೊಳ್ರಿ ರಾಯರ. ಬಾಳಕೃಷ್ಣ ಬಿತ್ತೂದಿಲ್ಲ, ಹರಗೂದಿಲ್ಲ.”

ರಾಯರು ಬರೆದರು.

“ಮ್ಯಾಲ ನೋಡಿದ್ರ ಬೆಳ್ಳಗ, ಚೆಂದ. ಕೆಳಗ ನೋಡಿದ್ರ ಬಾಯಿ ಮತ್ತೊಬ್ಬರ ಬೇರಿಗೆ ಹಚ್ಚಿರತೈತಿ.”

ಅದನ್ನೂ ಬರೆದರು.

“ದುಡದು ತಿನ್ನೂದು ಗೊತ್ತಿಲ್ಲ. ಸುಗ್ಗಿ ಬರೂದರಾಗ ಅರ್ಧಾ ಬೆಳಿ ಅದರ ಹೊಟ್ಟ್ಯಾಗ.”

ಲೆಕ್ಕಣಿಕೆ ನಿಂತಿತು. ಬುಡನಸಾಬ ಕೇಳಿದ: “ಅಂದ್ರ ಅದು ನಮ್ಮ ಬಿಳಿ ಕಸ ಅಲ್ಲೇನಬೇ?”

“ಹಿಂದ ಹಂಗ ಅಂತಿದ್ವಿ, ಸಾಬರ. ಈಗ ರಾಯರು ತಮ್ಮ ಹೆಸರು ಕೊಟ್ಟಾರ. ಬರೋಬ್ಬರಿ ಹೊಂದೈತಿ.”

ಒಬ್ಬ ಕೆಮ್ಮಿದ. ಇನ್ನೊಬ್ಬ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಬುಡನಸಾಬ ಮಾತ್ರ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು.

ಸಂತೆಗೆ ಬಿದ್ದ ಮಾತು ಸುಮ್ಮನಿರುತ್ತದೆಯೇ? ಚಕ್ಕಡಿಗಳ ಜೊತೆ ಬ್ಯಾಡಗಿಗೆ ಹೋಯಿತು, ರಾಣೆಬೆನ್ನೂರಿಗೆ ಹೋಯಿತು. “ನಿಮ್ಮ ಹೊಲದಾಗ ಈ ಸಲ ಎಷ್ಟು ಬಾಳಕೃಷ್ಣರಾಯರು ಎದ್ದಾರ?” ಎಂದು ರೈತರು ಒಬ್ಬರನ್ನೊಬ್ಬರು ಕೇಳತೊಡಗಿದರು. ಐದನೆಯ ದಿನ ಅದೇ ಪ್ರಶ್ನೆಯನ್ನು ಇನ್ನೊಬ್ಬ ವಕೀಲ ರಾಯರನ್ನೇ ಕೇಳಿದನಂತೆ, ನಡುಬೀದಿಯಲ್ಲಿ.

ಮರುದಿನ ಹೊತ್ತು ಏರುವ ಮೊದಲೇ ಟಾಂಗಾ ಬಂತು. ಛತ್ರಿ ಇಲ್ಲ, ಭೂತಗನ್ನಡಿ ಇಲ್ಲ.

“ಎಲ್ಲಾ ಕೀಳ್ರಿ. ಒಂದೂ ಉಳೀಬಾರದು. ಲಗೂ!”

“ಮೈಲವ್ವನ್ನ ಹಿಡದ್ರ ಮೂರ ಮಂದಿ ಅದೇವ್ರಿ,” ಗದಿಗೆವ್ವ ಅಂದಳು. “ ನಾಕ ದಿನ ಬೇಕು. ಅಲ್ಲೀ ತನಕ ಹಾದೀಲೆ ಹೋಗೋ ಮಂದಿ ನೋಡತಾರ, ಅದಕ್ಕ ನಾವೇನು ಮಾಡೂದು?”

ರಾಯರು ಹಾದಿಯತ್ತ ನೋಡಿದರು. ಕೋಟು ಕಳಚಿ ಬದುವಿನ ಮೇಲೆ ಒಗೆದು, ಧೋತರದ ಕಚ್ಚೆ ಬಿಗಿದು, ತಮ್ಮ ಹೊಲದಲ್ಲಿ ಮೊದಲ ಸಲ ಬಗ್ಗಿದರು.

“ಬೇರು ಸಹಿತ ಕೀಳ್ರಿ ರಾಯರ,” ಎಂದಳು ಗದಿಗೆವ್ವ. “ತುಂಡಾದ್ರ ಮತ್ತ ಚಿಗೀತೈತಿ. ಒಂದ ಸಾಲೂ ಬಿಡಬ್ಯಾಡ್ರಿ.”

ಹೊಲ ಉಳಿಯಿತು. ಸುಗ್ಗಿಗೆ ತೆನೆ ತುಂಬಿ ಬಂದವು. ರಾಶಿ ಮುಗಿದ ದಿನ ಮೈಲವ್ವ ಹೊಲದ ಮೇಲೆ ಕಣ್ಣಾಡಿಸಿ, “ಛಲೋ ಆತು ನೋಡಬೇ. ಒಂದ ಕಸಾನೂ ಉಳೀಲಿಲ್ಲ,” ಎಂದಳು.

ಫಕ್ಕೀರಪ್ಪ ಅರ್ಧ ಜೋಳವನ್ನು ಹಾವೇರಿಯ ಚಕ್ಕಡಿಗೆ ಹೇರುತ್ತಿದ್ದ. ಗದಿಗೆವ್ವ ಕೊನೆಯ ಚೀಲದ ಬಾಯಿ ಬಿಗಿದು ಎತ್ತಿಕೊಟ್ಟಳು.

“ಒಂದು ಉಳದೈತಿ,” ಎಂದಳು. “ಇದು ಅದರ ಪಾಲು.”